ಎಡಗಡೆಯ ಸದ್ದು

ನಮ್ಮ ಮನೆಯ ರಿಸೀವರ್ ಕೆಟ್ಟಿದೆ ಎಂದು ಮೊದಲು ಹೇಳಿದವಳು ನಾನೇ. ಟಿವಿಯ ಕೆಳಗೆ ಇಟ್ಟಿದ್ದ ಕಪ್ಪು ಪೆಟ್ಟಿಗೆ ಅದು. ಟಿವಿಯಿಂದ ಬರುವ ಧ್ವನಿಯನ್ನು ತೆಗೆದುಕೊಂಡು ಮನೆಯ ಹಾಲ್‌ನ ಸುತ್ತ ಇರುವ ಐದು ಸ್ಪೀಕರುಗಳಿಗೆ ಹಂಚುವುದು ಅದರ ಕೆಲಸ. ಎಡಗಡೆಯದನ್ನು ಎಡಕ್ಕೆ, ಬಲಗಡೆಯದನ್ನು ಬಲಕ್ಕೆ, ಬೆನ್ನ ಹಿಂದೆ ಕೇಳಬೇಕಾದದ್ದನ್ನು ಹಿಂದಕ್ಕೆ. ಕೆಲವು ತಿಂಗಳಿಂದ ಅದಕ್ಕೆ ಈ ಹಂಚಿಕೆಯೇ ಮರೆತುಹೋದಂತಿತ್ತು. ಸಿನಿಮಾದಲ್ಲಿ ಎಡಗಡೆಯ ಬಾಗಿಲು ಬಡಿದರೆ ಸದ್ದು ಬಲಗಡೆಯಿಂದ ಬರುತ್ತಿತ್ತು. ಮಳೆ ಸುರಿದರೆ ಅರ್ಧ ಮನೆಗೆ ಮಾತ್ರ ಸುರಿಯುತ್ತಿತ್ತು. ನಾನು ಕೂತಲ್ಲಿ ಕೂರಲಾರದೆ ಎದ್ದು ಹೋಗಿ ವೈರು ಕಿತ್ತು ಮತ್ತೆ ಸಿಕ್ಕಿಸುತ್ತಿದ್ದೆ, ಸ್ಪೀಕರಿನ ಮುಖ ತಿರುಗಿಸುತ್ತಿದ್ದೆ, ಇನ್ನೊಂದು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ನನ್ನ ಗಂಡ ಕ್ರಿಕೆಟ್ ಬಿಟ್ಟರೆ ಬೇರೇನೂ ನೋಡದ ಮನುಷ್ಯ. ಅವರು ನಾನು ಎದ್ದಾಗಲೆಲ್ಲ ಕಾಲು ಮಡಚಿ ದಾರಿ ಬಿಡುತ್ತಿದ್ದರು.

ಹೋಮ್ ಥಿಯೇಟರಿನ ಹುಚ್ಚು ಗಂಡಸರದು ಎಂದು ಜನ ತಿಳಿದಿದ್ದಾರೆ. ನಮ್ಮಲ್ಲಿ ಅದು ಉಲ್ಟಾ. ನಾನು ಗುಡೇಕೋಟೆ ಕಡೆಯ ಕುರಿಗಾರರ ಮನೆಯವಳು. ಶಾಲೆಗೆ ರಜೆ ಬಂದರೆ ಅಪ್ಪನ ಜೊತೆ ಕುರಿ ಹಿಂಡಿನ ಹಿಂದೆ ಹೋಗುತ್ತಿದ್ದೆ. ಆ ಕಡೆಯ ಕುರುಚಲು ಗುಡ್ಡಗಳಲ್ಲಿ ಕುರಿ ಕಣ್ಣಿಗೆ ಬೀಳುವುದಿಲ್ಲ, ಕಿವಿಗೆ ಬೀಳುತ್ತದೆ. ಜಾಲಿಯ ಮರೆಯಲ್ಲಿ ಗಂಟೆ ಅಲುಗಿದರೆ ಅಪ್ಪ ನನ್ನ ಕಣ್ಣು ಮುಚ್ಚಿಸಿ, ಎಲ್ಲೈತಿ ತೋರಿಸು ಅನ್ನುತ್ತಿದ್ದ. ನಾನು ಕೈ ಚಾಚಿದ ಕಡೆಗೇ ಅವನು ನಡೆದುಹೋಗುತ್ತಿದ್ದ. ಮುಂದೆ ಓದಿ, ಕೂಡ್ಲಿಗಿ ಹತ್ತಿರದ ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿ, ಮದುವೆಯಾಗಿ ಕೊಟ್ಟೂರಿಗೆ ಬಂದೆ. ಒಮ್ಮೆ ಬಳ್ಳಾರಿಯಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಸಿನಿಮಾ ನೋಡುವಾಗ ನನ್ನ ಹಿಂದೆ ಯಾರೋ ತರಗೆಲೆ ತುಳಿದಂತಾಗಿ ತಿರುಗಿ ನೋಡಿದೆ. ಗೋಡೆಯ ಮೇಲೆ ಸಣ್ಣದೊಂದು ಸ್ಪೀಕರ್ ಇತ್ತು. ಅಂಥದ್ದು ನನಗೂ ಬೇಕು ಎಂದು ಅವತ್ತೇ ತೀರ್ಮಾನಿಸಿದ್ದೆ.

ಕೊಟ್ಟೂರಿನ ರಿಪೇರಿಯವನು ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ಎಲ್ಲ ಸರಿಯಾಗಿದೆ ಎಂದು ವಾಪಸು ಕೊಟ್ಟ. ಸರಿಯಾಗಿ ನೋಡಿಲ್ಲ ಎಂದು ನನಗೆ ಅವನ ಮೇಲೆ ಸಿಟ್ಟು ಬಂತು. ಹೊಸದನ್ನೇ ಕೊಳ್ಳೋಣ ಎಂದು ಊರಿನ ಅಂಗಡಿಗಳಿಗೆ ಹೋದೆ. ರಿಸೀವರ್ ಎಂದರೆ ಒಬ್ಬರು ಡಿಶ್ಶಿನ ಸೆಟ್‌ಟಾಪ್ ಬಾಕ್ಸ್ ತೆಗೆದಿಟ್ಟರು. ಇನ್ನೊಬ್ಬರು ಟಿವಿ ಮುಂದಿಡುವ ಉದ್ದನೆಯ ಸೌಂಡ್‌ಬಾರ್ ತೋರಿಸಿ, ಈಗ ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದರು. ಶಾಲೆ ಬಿಟ್ಟ ಮೇಲೆ ಕೂಡ್ಲಿಗಿಯಲ್ಲಿ ವಿಚಾರಿಸಿದರೆ, ಮದುವೆ ಮೆರವಣಿಗೆಯ ಡಿಜೆಗೆ ಕಟ್ಟುವ ಆಂಪ್ಲಿಫೈಯರ್ ಇತ್ತು; ಅದನ್ನು ಇಟ್ಟರೆ ನಮ್ಮ ಓಣಿಯೇ ಖಾಲಿಯಾದೀತು. ಆನ್‌ಲೈನಿನಲ್ಲಿ ತರಿಸು ಎಂದು ಗಂಡ ಹೇಳಿದರು. ನಾನು ಒಪ್ಪಲಿಲ್ಲ. ಒಮ್ಮೆ ಮೋಸ ಹೋದ ಕಿವಿ ನನ್ನದು, ಕೇಳಿಯೇ ಕೊಳ್ಳಬೇಕು ಅಂದೆ.

ಕೊನೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಅಂಗಡಿ ಇದೆ, ಮಹಡಿಯ ಮೇಲೆ ಕೂರಿಸಿ ಕೇಳಿಸುತ್ತಾರೆ ಎಂದು ಶಾಲೆಯಲ್ಲಿ ಯಾರೋ ಹೇಳಿದರು. ಒಂದು ಭಾನುವಾರ ಗಂಡನ ಬೈಕಿನಲ್ಲಿ ಹೋದೆವು. ಅವರು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಹರಪನಹಳ್ಳಿ ಕಡೆ ಹಲವಾಗಲಿನವರು, ಮಾತು ಕಡಿಮೆ. ಅಂಗಡಿಯ ಮಾಲೀಕರು ಐವತ್ತರ ಆಸುಪಾಸಿನ, ನಯವಾಗಿ ಮಾತಾಡುವ ಮನುಷ್ಯ. ಅವರು ನಮ್ಮ ಹಾಲ್‌ನ ಉದ್ದಗಲದಿಂದ ಹಿಡಿದು ಎಲ್ಲವನ್ನೂ ನನ್ನ ಗಂಡನನ್ನೇ ಕೇಳಿದರು. ಗಂಡ ಪ್ರತಿ ಸಲವೂ ನನ್ನ ಕಡೆ ಕೈ ಮಾಡಿದರು. ಆಮೇಲೆ ಮಾಲೀಕರು ನನ್ನನ್ನು ಮಹಡಿಯ ಕೋಣೆಯ ನಡುವಿನ ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಸ್ಪೀಕರಿನಿಂದ ಸುಂಯ್ ಎನ್ನುವ ಸದ್ದು ಬರುತ್ತದೆ, ಸುತ್ತ ತಿರುಗುತ್ತದೆ, ಕೇಳ್ರಿ ಎಂದರು.

ನಾನು ಕಣ್ಣು ಮುಚ್ಚಿದೆ. ಸದ್ದು ಬಂದ ಕಡೆಗೆ ಕೈ ತೋರಿಸುತ್ತ ಹೋದೆ. ಇಲ್ಲೂ ಅದೇ ಕತೆ. ಎಲ್ಲ ಬಲಗಡೆಯಿಂದಲೇ ಬಂದಂತಿತ್ತು, ಕೆಲವು ಜೋರಾಗಿ, ಕೆಲವು ಮೆತ್ತಗೆ. ಕಣ್ಣು ಬಿಟ್ಟು, "ನೋಡ್ರಿ, ನಿಮ್ಮ ಮಷೀನಿನಾಗೂ ಅದಾ ತ್ರಾಸು ಐತಿ. ಎಡಕ್ಕ ಬರಬೇಕಾದ್ದು ಬಲಕ್ಕ ಬರಾಕತ್ತೈತಿ" ಅಂದೆ.

ಮಾಲೀಕರು ವೈರು ಅದಲುಬದಲಾಗಿರಬಹುದು ಎಂದು ಹಿಂದೆ ಹೋಗಿ ನೋಡಿ ಬಂದರು. ಇನ್ನೊಮ್ಮೆ ಹಾಕಿದರು. ನಾನು ಇನ್ನೊಮ್ಮೆ ತೋರಿಸಿದೆ. ಕಣ್ಣು ಬಿಟ್ಟಾಗ ಅವರು ರಿಮೋಟನ್ನು ನೋಡುತ್ತಿದ್ದರು, ಗಂಡ ನೆಲ ನೋಡುತ್ತಿದ್ದರು. ಆಮೇಲೆ ಗಂಡ ನನ್ನ ಬಲಕ್ಕೆ ಬಂದು ನಿಂತು, ಮೆಲ್ಲಗೆ, "ಎಡಗಡೆದು ಎಡಕ್ಕೇ ಬರ್ತಾ ಐತಿ. ನೀನು ಬಲಗಡೆ ತೋರಿಸ್ತಾ ಇದ್ದೀ" ಅಂದರು.

ನಾನು ಎದ್ದು ಮೆಟ್ಟಿಲಿಳಿದು ಬಂದುಬಿಟ್ಟೆ. ಮಾಲೀಕರಿಗೆ ಒಂದು ಮಾತೂ ಹೇಳಲಿಲ್ಲ. ಕೆಳಗೆ ಬೈಕಿನ ಹತ್ತಿರ ನಿಲ್ಲಲಾಗದೆ ರಸ್ತೆಯುದ್ದಕ್ಕೂ ಆ ಕಡೆ ಈ ಕಡೆ ಅಡ್ಡಾಡಿದೆ. ವಾಪಸು ಬರುವ ದಾರಿಯಲ್ಲಿ ಚಹಾದ ಅಂಗಡಿಯೊಂದರ ಮುಂದೆ ಗಂಡ ಬೈಕು ನಿಲ್ಲಿಸಿದಾಗ, ನಿಮಗೆ ಇದು ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ. ಅವರು ಲೋಟ ತಿರುಗಿಸುತ್ತ ಒಂದೊಂದಾಗಿ ಹೇಳಿದರು. ನಾವಿಬ್ಬರೂ ನಡೆದು ಹೋಗುವಾಗ ನಾನು ಯಾವಾಗಲೂ ಸುತ್ತು ಹಾಕಿ ಅವರ ಎಡಕ್ಕೆ ಬಂದು ಸೇರುತ್ತೇನಂತೆ. ಬಲಮಗ್ಗುಲಾಗಿ ಮಲಗಿದ್ದರೆ ಎಷ್ಟು ಕರೆದರೂ ಏಳುವುದಿಲ್ಲವಂತೆ. ಅದಕ್ಕೇ ಅವರು ಈಚೆಗೆ ಕರೆಯುವುದನ್ನು ಬಿಟ್ಟು ಭುಜ ಮುಟ್ಟಿ ಎಬ್ಬಿಸುವುದು. ಬೈಕಿನ ಮೇಲೆ ಮಾತ್ರ ಏನೂ ತೊಂದರೆ ಇರಲಿಲ್ಲ. ಒಂದೇ ಕಡೆ ಕಾಲು ಹಾಕಿ ಕೂತಾಗ ನನ್ನ ಬಲಗಿವಿ ಅವರ ಬೆನ್ನಿಗೇ ಇರುತ್ತದಲ್ಲ.

"ಮತ್ತ ಹೇಳಲಿಲ್ಲ ಯಾಕ?"

"ನಿನಗೆ ಗೊತ್ತೈತಿ ಅನ್ಕೊಂಡಿದ್ದೆ" ಅಂದರು. "ಹೇಳಿದ್ರೆ ಬ್ಯಾಸರ ಮಾಡ್ಕೊಂತೀ ಅಂತ ಸುಮ್ಮನಿದ್ದೆ."

ಆ ವಾರವೆಲ್ಲ ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರ ಮಾತನ್ನು ನಂಬಲೂ ಇಲ್ಲ. ಕುರಿಯ ಗಂಟೆ ಎಲ್ಲಿ ಅಲುಗಿತು ಎಂದು ಕಣ್ಣು ಮುಚ್ಚಿಯೇ ತೋರಿಸುತ್ತಿದ್ದವಳು ನಾನು. ಆ ಅಂಗಡಿಯ ಕೋಣೆ ಸಣ್ಣದು, ಗಾಜಿನ ಬಾಗಿಲಿಗೆ ಸದ್ದು ಬಡಿದು ತಿರುಗಿ ಬಂದಿರಬೇಕು ಎಂದು ಲೆಕ್ಕ ಹಾಕಿದೆ. ಹಡಗಲಿಯಲ್ಲಿ ಇನ್ನೊಂದು ಅಂಗಡಿ ಇದೆ ಎಂದು ಗೊತ್ತಾಯಿತು. ಗಂಡ ಕುರಿಗಳಿಗೆ ಲಸಿಕೆ ಹಾಕುವ ಕ್ಯಾಂಪಿಗೆ ಹೋದ ದಿನ, ಹೊಳಲಿಗೆ ಅನಂತಶಯನ ದೇವರ ದರ್ಶನಕ್ಕೆ ಹೋಗಿ ಬರುತ್ತೇನೆಂದು ಹೇಳಿ, ಒಬ್ಬಳೇ ಹಡಗಲಿಯ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ನನ್ನದೇ ವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ತನ್ನ ಯಜಮಾನರು ಮಾಲು ತರಲು ಹೋಗಿದ್ದಾರೆ, ತನಗೆ ಹಚ್ಚುವುದು ಆರಿಸುವುದು ಅಷ್ಟೇ ಬರುತ್ತದೆ ಎಂದಳು. ಅಷ್ಟು ಸಾಕು ಅಂದೆ. ಉದ್ದನೆಯ ಅಂಗಡಿ, ಗಾಜಿಲ್ಲ, ಹಿಂದೆ ಫ್ರಿಜ್ಜುಗಳ ಸಾಲು. ಅವಳು ಒಂದು ರಿಸೀವರಿಗೆ ಸ್ಪೀಕರ್ ಜೋಡಿಸಿ ಯಾವುದೋ ಹಾಡು ಹಾಕಿದಳು. ನಾನು ಸ್ಟೂಲಿನ ಮೇಲೆ ಕೂತು ಕೇಳಿದೆ. ಹಾಡು ಚೆನ್ನಾಗಿಯೇ ಇತ್ತು, ಬಲಗಡೆಯಿಂದ ಬರುತ್ತಿತ್ತು. ಆಗ ನನಗೆ ಏನನ್ನಿಸಿತೋ, ಬಲಗಿವಿಗೆ ಅಂಗೈ ಒತ್ತಿ ಹಿಡಿದೆ.

ಹಾಡು ಹೋಯಿತು. ಕಂಬಳಿ ಹೊದ್ದು ಮಲಗಿದಾಗ ದೂರದ ಊರಿನಲ್ಲಿ ಏನೋ ನಡೆಯುತ್ತಿರುವಂತೆ ಒಂದು ಗುಂಯ್ ಮಾತ್ರ ಉಳಿಯಿತು. ಎದುರಿಗೆ ಆ ಹೆಂಗಸಿನ ತುಟಿ ಅಲುಗುತ್ತಿತ್ತು. ಕೈ ತೆಗೆದೆ, ಹಾಡು ಬಂತು. ಮತ್ತೆ ಒತ್ತಿದೆ, ಮತ್ತೆ ಹೋಯಿತು. ಇಷ್ಟು ಸುಲಭದ ಪರೀಕ್ಷೆ ಇಷ್ಟು ದಿನ ನನಗೆ ಹೊಳೆದಿರಲಿಲ್ಲ. ಆ ಹೆಂಗಸು ಹತ್ತಿರ ಬಂದು, "ತಲಿ ನೋಯಾಕತ್ತೈತೇನ್ರಿ ಅಕ್ಕಾರ? ಸೌಂಡ್ ಕಡಿಮಿ ಮಾಡ್ಲಿ?" ಎಂದು ಕೇಳಿದಳು. ಬ್ಯಾಡ್ರಿ, ಹೀಂಗಾ ಇರಲಿ ಅಂದೆ. ಹಾಡು ಮುಗಿಯುವವರೆಗೂ ಕೂತೆ. ಅವಳ ಹೊತ್ತು ಹಾಳು ಮಾಡಿದೆನಲ್ಲ ಎಂದು ಬೇಕಿಲ್ಲದ ಒಂದು ಸುತ್ತು ವೈರು ಕೊಂಡುಕೊಂಡು ಬಂದೆ. ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ನಾನು ಆ ಸೀಟಿನಿಂದ ಈ ಸೀಟಿಗೆ ಬದಲಿಸುತ್ತಲೇ ಇದ್ದೆ. ಕಂಡಕ್ಟರ್ ಒಂದೆರಡು ಸಲ ತಿರುಗಿ ನೋಡಿದ.

ಮನೆಗೆ ಬಂದು ಗಂಡನಿಗೆ ಹಡಗಲಿಗೆ ಹೋಗಿದ್ದೆ ಎಂದು ಹೇಳಿದೆ. ಅವರು ಅಂಗಡಿಯ ವಿಚಾರ ಏನೂ ಕೇಳಲಿಲ್ಲ. ಹರಪನಹಳ್ಳಿಗೆ ಕಿವಿಯ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬರುತ್ತಾರೆ, ಹೋಗೋಣವಾ ಎಂದಷ್ಟೇ ಕೇಳಿದರು. ಅಂದರೆ ಅವರು ಅದನ್ನು ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದರು.

ಡಾಕ್ಟರರು ಕಿವಿಯಲ್ಲಿ ದೀಪ ಬಿಟ್ಟು ನೋಡಿದರು. ಆಮೇಲೆ ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದು ಒಬ್ಬ ಹುಡುಗಿ ನನ್ನನ್ನು ಕೂರಿಸಿದಳು. ಎಡಗಡೆಯ ಸರದಿ ಬಂದಾಗ ನಾನು ಬಹಳ ಹೊತ್ತು ಗುಂಡಿ ಹಿಡಿದುಕೊಂಡು ಕೂತಿದ್ದೆ. ಯಾವಾಗಲಾದರೂ ಕಿವಿ ಕಟ್ಟಿತ್ತೇ, ಒಳಗೆ ಏನಾದರೂ ಸದ್ದಾಗಿತ್ತೇ ಎಂದು ಡಾಕ್ಟರರು ಕೇಳಿದಾಗ ನೆನಪಾಯಿತು. ಹಿಂದಿನ ವರ್ಷ ನೆಗಡಿ ಬಂದಿತ್ತು, ಒಂದು ಬೆಳಿಗ್ಗೆ ಕಿವಿ ಕಟ್ಟಿಕೊಂಡಿತ್ತು. ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡು ಶಾಲೆಗೆ ಹೋಗಿದ್ದೆ. ಆಮೇಲೆ ಎಷ್ಟೋ ದಿನ ಎಲ್ಲೋ ಬೋರಿನ ಮೋಟರು ಓಡುತ್ತಿರುವಂತೆ ಕೇಳುತ್ತಿತ್ತು. ಪಕ್ಕದ ಮನೆಯವರಿಗೆ ಮೋಟರು ಆರಿಸಿರಿ ಎಂದು ಹೇಳಿಯೂ ಬಂದಿದ್ದೆ. ಅವರು ಆರಿಸಿಯೇ ಐತಿ ಅಂದಿದ್ದರು. ನರ ಸೋತಿದೆ, ಆಗಲೇ ಬಂದಿದ್ದರೆ ಔಷಧ ಕೊಟ್ಟು ನೋಡಬಹುದಿತ್ತು ಎಂದರು ಡಾಕ್ಟರರು. ಈಗ ಕಿವಿಗೆ ಮಷೀನು ಹಾಕಿ ನೋಡಬಹುದು, ಮೊದಲಿನಂತೆ ಆಗುವುದಿಲ್ಲ.

ಅಲ್ಲಿ ನನಗೆ ಏನೂ ಅನ್ನಿಸಲಿಲ್ಲ. ಸಂಜೆ ಮನೆಯಲ್ಲಿ ಕುಕ್ಕರ್ ಇಟ್ಟು, ಸೀಟಿ ಹೊಡೆಯುವುದನ್ನು ಕಾಯುತ್ತ ನಿಂತಾಗ ಅಳು ಬಂತು. ಗಂಡ ಒಳಗೆ ಬಂದು, ಉಳಿದ ಅಡುಗೆಯನ್ನು ಅವರೇ ಮಾಡಿದರು.

ಕಿವಿಯ ಮಷೀನು ಬಂದ ಮೇಲೆ ತಳಮಳ ಇನ್ನೂ ಹೆಚ್ಚಾಯಿತು. ಪಾತ್ರೆ ತೊಳೆದರೆ ತಲೆಯೊಳಗೇ ತೊಳೆದಂತೆ, ಬಸ್ಸಿನ ಹಾರನ್ನು ಕಿವಿಯಲ್ಲೇ ಊದಿದಂತೆ. ಹಾಕುವುದು, ತೆಗೆದು ಪರ್ಸಿನಲ್ಲಿಡುವುದು, ಮತ್ತೆ ಹಾಕುವುದು. ಶಾಲೆಯಲ್ಲಿ ಯಾರಿಗೂ ಹೇಳಬಾರದು ಎಂದುಕೊಂಡಿದ್ದೆ. ಆದರೆ ಒಂದು ದಿನ ಪಾಠದ ನಡುವೆ ಅದು ಕೀಂ ಎಂದು ಕೂಗಿಕೊಂಡಿತು, ಇಡೀ ತರಗತಿ ನನ್ನನ್ನೇ ನೋಡಿತು. ನನಗೆ ಎಡಗಿವಿ ಕೇಳುವುದಿಲ್ಲ, ಇದು ಅದರ ಮಷೀನು ಎಂದು ಹೇಳಿದೆ. ಎಡಗಡೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ನಾವು ಕರಿತಿದ್ವಿ ರೀ ಮೇಡಂ, ನೀವು ತಿರುಗಿ ನೋಡ್ತಿರಲಿಲ್ಲ. ನಮ್ಮ ಸಾಲಿನ ಮ್ಯಾಲೆ ಸಿಟ್ಟಾಗೀರಿ ಅಂತ ಸುಮ್ಮನಾದ್ವಿ" ಅಂದಳು. ನಾನೋ, ಆ ಸಾಲಿನವರು ಈಚೆಗೆ ಉತ್ತರವನ್ನೇ ಕೊಡುವುದಿಲ್ಲ, ಸೊಕ್ಕು ಬಂದಿದೆ ಎಂದು ಸ್ಟಾಫ್ ರೂಮಿನಲ್ಲಿ ದೂರುತ್ತಿದ್ದೆ. ಅವತ್ತು ಉಳಿದ ಹೊತ್ತೆಲ್ಲ ಅವರಿಂದಲೇ ಲೆಕ್ಕ ಮಾಡಿಸಿದೆ.

ರಿಸೀವರಿನ ಮಾತು ಅಲ್ಲಿಗೆ ಮುಗಿದಿರಬೇಕಿತ್ತು. ಆದರೆ ಬೇಸಿಗೆಯಲ್ಲೊಂದು ಸಂಜೆ ಗುಡುಗಿ ಕರೆಂಟು ಹೋಗಿ ಬಂದು ಮಾಡುವಾಗ ಟಿವಿಯಲ್ಲಿ ಚಿತ್ರ ಇತ್ತು, ಧ್ವನಿ ಪೂರಾ ನಿಂತುಹೋಯಿತು. ನಾನು ಗಾಬರಿಯಾಗಿ ಮೊದಲು ಬಲಗಿವಿಗೆ ಬೆರಳು ಹಾಕಿಕೊಂಡೆ. ಗಂಡ ಪೆಟ್ಟಿಗೆಯ ಹತ್ತಿರ ಬಗ್ಗಿ ಮೂಸಿ, ಸುಟ್ಟ ವಾಸನೆ ಬರುತ್ತಿದೆ ಎಂದರು. ನನಗೆ ಎಷ್ಟು ಹಗುರಾಯಿತೆಂದರೆ ನಗು ಬಂತು.

ಮತ್ತೆ ಹಗರಿಬೊಮ್ಮನಹಳ್ಳಿಗೆ ಹೋದೆವು. ಮಾಲೀಕರು ನನ್ನನ್ನು ಗುರುತಿಸಿ, ಈ ಸಲ ಮಹಡಿಗೆ ಕರೆಯಲೋ ಬೇಡವೋ ಎಂದು ಅನುಮಾನಿಸುತ್ತ ನಿಂತರು. ನಾನೇ ವಿಷಯ ಹೇಳಿದೆ. ಅವತ್ತು ಹೇಳದೆ ಎದ್ದು ಹೋದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಎಂದೂ ಅಂದೆ. ಅವರು ಈ ಸಲ ಎಲ್ಲವನ್ನೂ ನನ್ನನ್ನೇ ಕೇಳಿದರು, ಸ್ವಲ್ಪ ಜೋರಾಗಿಯೇ ಕೇಳಿದರು. ಇಷ್ಟು ಜೋರು ಬೇಡ ಎಂದು ಹೇಳಬೇಕಾಯಿತು. ಡಬ್ಬಿಯನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಊರಿಗೆ ತಂದೆವು.

ಹೊಸದರ ಜೊತೆ ಗುಂಡಿಯಷ್ಟು ಸಣ್ಣ ಮೈಕು ಬಂದಿತ್ತು. ನಾವು ಕೂರುವ ಜಾಗದಲ್ಲಿ ಅದನ್ನಿಟ್ಟರೆ ರಿಸೀವರ್ ತಾನೇ ಸದ್ದು ಹೊರಡಿಸಿ, ಕೇಳಿಸಿಕೊಂಡು, ಎಲ್ಲ ಸ್ಪೀಕರುಗಳನ್ನು ಸಮ ಮಾಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಯಾರೂ ಅಲುಗಾಡಬಾರದು. ನನಗೆ ಅದು ಆಗಲಿಲ್ಲ, ಅಂಗಳಕ್ಕೆ ಹೋಗಿ ತುಳಸಿಕಟ್ಟೆಯ ಸುತ್ತ ತಿರುಗುತ್ತಿದ್ದೆ. ಒಳಗೆ ಬಂದಾಗ ಎಲ್ಲ ಸಮವಾಗಿದೆ ಎಂದು ಪರದೆಯ ಮೇಲೆ ಬರೆದಿತ್ತು. ನನಗೆ ಸಮ ಇರಲಿಲ್ಲ. ಕಿವಿಗೆ ಮಷೀನು ಹಾಕಿಕೊಂಡು, ಎಡಗಡೆಯ ಎರಡೂ ಸ್ಪೀಕರುಗಳನ್ನು ಏರಿಸುತ್ತ ಹೋದೆ. ದಿಕ್ಕು ಪೂರ್ತಿ ತಿರುಗಿ ಬರಲಿಲ್ಲ. ಆದರೆ ಆ ಕಡೆಯೂ ಒಂದು ಗೋಡೆ ಇದೆ, ಗೋಡೆಯಾಚೆ ಏನೋ ನಡೆಯುತ್ತಿದೆ ಎನ್ನುವಷ್ಟು ಬಂತು.

ಗಂಡ ಅಷ್ಟರಲ್ಲೇ, ಈಗ ತಮಗೆ ಮನೆ ಎಡಕ್ಕೆ ವಾಲಿದಂತೆ ಕೇಳುತ್ತಿದೆ ಎಂದರು. ಸ್ವಲ್ಪ ಇಳಿಸಿದೆ. ಈಗ ನನಗೆ ಸಾಲದು. ಹೀಗೆ ಏರಿಸಿ ಇಳಿಸಿ, ಕೊನೆಗೆ ಅವರೇ ರಿಸೀವರಿನ ಜೊತೆ ಬಂದ ಪುಸ್ತಕ ಓದಿ ಕಂಡುಹಿಡಿದರು. ರಿಸೀವರಿನಲ್ಲಿ ಎರಡು ಬಗೆಯ ಅಳತೆಯನ್ನು ಬೇರೆ ಬೇರೆ ಉಳಿಸಿಡಬಹುದಂತೆ. ಒಂದನೆಯದು ಅವರದು, ಕ್ರಿಕೆಟ್ಟಿಗೆ. ಎರಡನೆಯದು ನನ್ನದು. ಅದನ್ನು ನಾನು ಇನ್ನೂ ದಿನಕ್ಕೊಂದು ಸಲವಾದರೂ ತಿದ್ದುತ್ತಲೇ ಇದ್ದೇನೆ.