ಮೊದಲ ಸಾಕು

ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ ಅಂದ ‘ಸಾಕು’ ಲೆಕ್ಕಕ್ಕಿಲ್ಲ. ಅದು ಮರ್ಯಾದೆಗೆ ಅನ್ನುವ ಮಾತು. ಎರಡನೆಯದು ನೀಡುವವರ ಮನಸ್ಸು ನೋಡಲಿಕ್ಕೆ. ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು ಮೂರನೆಯ ಸಲ ಅಂದರೆ ಮಾತ್ರ ಹೊಟ್ಟೆ ತುಂಬಿದೆ ಅಂತ. ಬನಹಟ್ಟಿಯ ನನ್ನ ಚಿಗವ್ವ, ಕಾಕಾನ ಹೆಂಡತಿ, ಅದನ್ನೂ ನಂಬುತ್ತಿರಲಿಲ್ಲ. ಶಾಲೆಯ ಸೂಟಿಯಲ್ಲಿ ಮುಧೋಳದಿಂದ ಅವಳ ಮನೆಗೆ ಹೋದಾಗಲೆಲ್ಲ, ಅಡ್ಡ ಹಿಡಿದ ಕೈಯ ಮೇಲೆಯೇ ಬಿಸಿ ರೊಟ್ಟಿ ಬೀಳುತ್ತಿತ್ತು. ಚುರುಕ್ಕೆಂದು ಕೈ ಎಳೆದುಕೊಂಡರೆ ರೊಟ್ಟಿ ತಾಟಿನಲ್ಲಿ. ಅವಳು ಗೆದ್ದವಳ ಹಾಗೆ ನಗುತ್ತಿದ್ದಳು.

ಅಂಥವಳಿಗೆ ನಾನು ನೀಡುವುದನ್ನು ಕಲಿಸಲು ಹೋದೆ.

ಹೋಟೆಲು, ರಿಸಾರ್ಟಿನ ಕೆಲಸದವರಿಗೆ ತರಬೇತಿ ಕೊಡುವುದು ನನ್ನ ಉದ್ಯೋಗ. ಬೀಳಗಿಯ ಆಚೆ ಹಿನ್ನೀರಿನ ದಂಡೆಯಲ್ಲಿ, ಹಕ್ಕಿ ನೋಡಲು ಬರುವವರಿಗೆಂದು ಒಬ್ಬರು ನಾಲ್ಕು ಕೋಣೆ ಕಟ್ಟಿ ಊಟದ ಮನೆ ತೆರೆಯುವವರಿದ್ದರು. ಈ ಭಾಗದ ಹೆಂಗಸರನ್ನೇ ಇಟ್ಟುಕೊಳ್ಳುತ್ತೇವೆ, ಹತ್ತು ದಿನ ಕಲಿಸಿಕೊಡಿ ಎಂದರು. ಚಿಗವ್ವನನ್ನು ಕರೆದವಳು ನಾನೇ. ಕಾಕಾ ತೀರಿಕೊಂಡ ಮೇಲೆ ಅವಳು ಮನೆಯಲ್ಲಿದ್ದ ಮಗ್ಗ ಬಿಚ್ಚಿಸಿದ್ದಳು, ಒಬ್ಬಳಿಗೇ ಒಲೆ ಹಚ್ಚಲು ಬೇಸರ ಅನ್ನುತ್ತಿದ್ದಳು. ವಿಷಯ ಕೇಳಿ ಅವಳ ಮುಖ ಅರಳಿತು.

“ಮಂದಿಗೆ ಉಣ್ಣಾಕ ನೀಡೂದ? ಅದನ್ನೇನ್ ಕಲಿಸ್ತಿ ಬೇ ನನಗ?”

ಬಂದಳು. ಎಲ್ಲರಿಗಿಂತ ಮೊದಲು ತಯಾರಾಗಿ ನಿಲ್ಲುತ್ತಿದ್ದಳು. ಟ್ರೇ ಹಿಡಿಯುವುದು, ಬಲಗಡೆಯಿಂದ ನೀಡುವುದು, ಎಲ್ಲ ಕಲಿತಳು. ಒಂದು ಪಾಠ ಮಾತ್ರ ಅವಳ ತಲೆಗೆ ಹತ್ತಲಿಲ್ಲ. ಒಮ್ಮೆ ಕೇಳಬೇಕು, ಸಾಕು ಅಂದರೆ ಹಿಂದೆ ಸರಿಯಬೇಕು ಅನ್ನುವುದು ನನ್ನ ನಿಯಮ. ಉಣ್ಣುವವರಿಗೆ ಇನ್ನೊಂದು ಬೇಕು ಅನ್ನಲು ನಾಚಿಕೆ ಆಗುವುದಿಲ್ಲವೇ, ನಾವೇ ಹಾಕಬೇಕಲ್ಲ ಎಂದು ಅವಳ ವಾದ. ನಾನು ತರಬೇತಿಯ ಪುಸ್ತಕ ತೆಗೆದು ಓದಿ ಹೇಳಿದೆ. ದೊಡ್ಡ ಪಂಡಿತಳು ನಾನು!

ಕೊನೆಯ ದಿನ ಪರೀಕ್ಷೆ. ಮಾಲಕರೂ ಅವರು ಕರೆತಂದ ಒಬ್ಬ ಅತಿಥಿಯೂ ಊಟಕ್ಕೆ ಕೂತರು. ಅತಿಥಿ ಬಡಕಲು ಮನುಷ್ಯ. ಎರಡು ರೊಟ್ಟಿಗೇ ಸಾಕೆಂದು ಕೈ ಅಡ್ಡ ಹಿಡಿದ. ಚಿಗವ್ವ ಬರುವುದನ್ನು ನೋಡಿ ನಾನು ದೂರದಿಂದಲೇ ಬೇಡವೆಂದು ತಲೆಯಾಡಿಸಿದೆ. ಅವಳು ನನ್ನತ್ತ ನೋಡಲೇ ಇಲ್ಲ. ರೊಟ್ಟಿ ಆತನ ಕೈಮೇಲೆ ಬಿತ್ತು. ಬೆಚ್ಚಿ ಕೈ ಎಳೆದ ರಭಸಕ್ಕೆ ಎಣ್ಣೆಗಾಯಿಯ ಬಟ್ಟಲು ಉರುಳಿ ಬಿಳಿ ಅಂಗಿಯೆಲ್ಲ ಎಣ್ಣೆ. ಅವಳು ಮಾತ್ರ ಅದೇ ಗೆದ್ದ ನಗು ನಗುತ್ತಿದ್ದಳು. ಮಾಲಕರು ನನ್ನ ಮುಖ ನೋಡಿದರು.

“ಎಷ್ಟು ಸಲ ಹೇಳಬೇಕ್ರಿ ನಿಮಗೆ? ಸಾಕು ಅಂದ್ರೆ ಸಾಕು” ಎಂದು ಎಲ್ಲರೆದುರು ಹರಿಹಾಯ್ದೆ.

ಚಿಗವ್ವನಿಗೆ ‘ನೀವು’ ಅಂದದ್ದು ಜೀವಮಾನದಲ್ಲಿ ಅದೇ ಮೊದಲು. ಅವಳ ನಗು ನಿಂತುಹೋಯಿತು. ಆ ಅತಿಥಿ, ಇರಲಿ ಬಿಡಿ ಎನ್ನುತ್ತ ಆ ರೊಟ್ಟಿಯನ್ನು ಮುರಿದು ಪೂರ್ತಿ ತಿಂದ. ಅದನ್ನು ನಾನು ಕಣ್ಣಾರೆ ಕಂಡೆ.

ಸಂಜೆ ಮಾಲಕರು, ಚಿಗವ್ವನನ್ನು ಕೆಲಸಕ್ಕೆ ಇಟ್ಟುಕೊಳ್ಳೋಣವೇ ಎಂದು ನನ್ನನ್ನೇ ಕೇಳಿದರು. ಹೂಂ ಅಂದಿದ್ದರೆ ಆಗುತ್ತಿತ್ತು. ಕಷ್ಟ ಆಗಬಹುದು ಅಂದೆ. ನನ್ನ ಪಾಠಕ್ಕೆ ಅವಮಾನವಾಯಿತೆಂಬ ಸಿಟ್ಟು, ಇನ್ನೇನೂ ಅಲ್ಲ. ಮರುದಿನ ಅವಳನ್ನು ಬಸ್ಸು ಹತ್ತಿಸಿದೆ.

ಮೂರು ತಿಂಗಳು ಮುಖ ತಪ್ಪಿಸಿ, ಕೊನೆಗೆ ಬನಹಟ್ಟಿಗೆ ಹೋದೆ. ನೀರು ಕೊಟ್ಟಳು, ತಾಟು ಹಾಕಿದಳು, ಬಿಸಿ ರೊಟ್ಟಿ ನೀಡಿದಳು. ಎರಡು ತಿಂದು, ರೂಢಿಯ ಹಾಗೆ ಸಾಕು ಎಂದು ಕೈ ಅಡ್ಡ ಹಿಡಿದೆ. ಹೊಟ್ಟೆ ಇನ್ನೂ ಹಸಿದಿತ್ತು. ರೊಟ್ಟಿ ಹಿಡಿದು ಬಂದವಳು ಅಲ್ಲೇ ನಿಂತಳು. ಆಮೇಲೆ ಹಿಂದೆ ಸರಿದು, ಅದನ್ನು ಬುಟ್ಟಿಯಲ್ಲಿಟ್ಟು ಅರಿವೆ ಮುಚ್ಚಿದಳು.

“ಮಜ್ಜಿಗಿ ಕೊಡ್ಲೇನ್ರಿ?” ಅಂದಳು.

ಮುಖದಲ್ಲಿ ಕೊಂಕು ಇರಲಿಲ್ಲ. ಕಲಿತದ್ದನ್ನು ಸರಿಯಾಗಿ ಒಪ್ಪಿಸುವ ಎಚ್ಚರ ಮಾತ್ರ ಇತ್ತು. ಇನ್ನೊಂದು ಹಾಕು ಚಿಗವ್ವಾ ಅನ್ನಲು ನನಗೆ ನಾಚಿಕೆಯಾಯಿತು. ಮಜ್ಜಿಗೆಯೂ ಬೇಡ ಅಂದೆ. ಅದನ್ನೂ ಅವಳು ಒಮ್ಮೆಯೇ ಕೇಳಿದಳು.