ಎಡಗೈಯಲ್ಲಿ ತೀರ್ಥ

ಇದನ್ನು ಹೇಳಬೇಕೆಂದುಕೊಂಡು ಎಷ್ಟೋ ವರ್ಷಗಳಾದವು. ಪ್ರತಿ ಸಲವೂ ಏನಾದರೊಂದು ನೆವ ಸಿಗುತ್ತಿತ್ತು: ಕನ್ನಡಕ ಬದಲಿಸಬೇಕು, ಮನೆಗೆ ನೆಂಟರು ಬಂದಿದ್ದಾರೆ, ಹೈಸ್ಕೂಲಿಗೇ ಓದು ನಿಲ್ಲಿಸಿದವನು ಬರೆದದ್ದನ್ನು ಯಾರು ಓದುತ್ತಾರೆ. ಇವತ್ತು ಮಿಂದು ಬಂದು ಪಂಚೆ ಹಿಂಡುವಾಗ, ಕೊನೆಯ ಹನಿಯೂ ಇಳಿಯುವಷ್ಟು ಬಿಗಿಯಾಗಿ ನನ್ನ ಬಲಗೈ ಮಣಿಕಟ್ಟು ತಿರುಗಿದ್ದನ್ನು ಕಂಡೆ. ಇಷ್ಟು ಚೆನ್ನಾಗಿ ತಿರುಗುವ ಕೈಗೆ ಬರೆಯುವುದು ಮಾತ್ರ ಕಷ್ಟವೆಂದರೆ ನನಗೇ ನಂಬಿಕೆ ಬರಲಿಲ್ಲ.

ಕಣ್ಣನ್ನು ಹೊಗಳುತ್ತೇವೆ, ನಾಲಿಗೆಯನ್ನು ಬೈಯುತ್ತೇವೆ, ಹೃದಯದ ಮೇಲೆ ಇಲ್ಲದ ಭಾರವನ್ನೆಲ್ಲ ಹೇರುತ್ತೇವೆ; ಮಣಿಕಟ್ಟನ್ನು ನೆನೆಸಿಕೊಂಡವರು ಎಷ್ಟು ಜನ ಹೇಳಿ? ನನಗೂ ಅದು ನೆನಪಾದದ್ದು ಮುರಿದ ಮೇಲೆಯೇ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿಯುವ ಶೌರ್ಯ ತೋರಿಸಿ, ಬಲಗೈ ಊರಿ ಬಿದ್ದೆ. ಆರು ವಾರ ಪ್ಲಾಸ್ಟರ್. ಅದನ್ನು ಕತ್ತರಿಸಿ ತೆಗೆದಾಗ ಒಳಗಿದ್ದದ್ದು ನನ್ನ ಕೈಯೇ ಅಲ್ಲ, ಬಾಡಿದ ಕೆಸುವಿನ ದಂಟು. ಡಾಕ್ಟರು ನನ್ನನ್ನು ಫಿಸಿಯೋಥೆರಪಿಗೆ ಕಳಿಸಿದರು. ಅದೆಂದರೆ ದೊಡ್ಡ ಹೆಸರಿನ ಎಣ್ಣೆ ತಿಕ್ಕುವಿಕೆ ಎಂದೇ ನಾನು ತಿಳಿದಿದ್ದೆ.

ಅಲ್ಲಿದ್ದವಳು ಹಾವೇರಿ ಕಡೆಯ ಒಬ್ಬ ಹುಡುಗಿ, ನನ್ನ ಮಗಳ ವಯಸ್ಸಿನವಳು. "ಬರ್ರಿ ಕಾಕಾ, ಕುಂದರ್ರಿ" ಎಂದಳು.

"ಎಣ್ಣೆ ಯಾವಾಗ ಹಚ್ತೀರಿ?" ಎಂದೆ.

"ಎಣ್ಣಿ ಒಗ್ಗರಣಿಗೆ ಇಟಗೋರಿ. ಇಲ್ಲಿ ನಾ ಮಾಡೂದು ಕಾಲುಭಾಗ, ಮುಕ್ಕಾಲು ಮನ್ಯಾಗ ನೀವು ಮಾಡೂದು."

ಬೆಚ್ಚನೆಯ ಮೇಣದಲ್ಲಿ ಕೈ ಅದ್ದಿಸಿ, ಬಿಗಿದ ಸ್ನಾಯು ಸಡಿಲಾದ ಮೇಲೆ ಮಣಿಕಟ್ಟನ್ನು ಮೆಲ್ಲಗೆ ಬಾಗಿಸುತ್ತಿದ್ದಳು. ಎರಡು ಪಟ್ಟಿ ಜೋಡಿಸಿದ ಅಳತೆಗೋಲು ಇಟ್ಟು ಎಷ್ಟು ಬಾಗಿತೆಂದು ಬರೆದುಕೊಳ್ಳುತ್ತಿದ್ದಳು. ನೋವಿನಲ್ಲೂ ಎರಡು ಜಾತಿಯಿದೆಯೆಂದು ನನಗೆ ಕಲಿಸಿದವಳು ಅವಳು: ಎಳೆದಾಗ ಬಂದು ಬಿಟ್ಟಾಗ ಹೋಗುವ ನೋವಿಗೆ ಹೆದರಬೇಡಿ, ಮರುದಿನವೂ ಬಾವು ಬಂದು ಕೂತಿರುವ ನೋವಿದ್ದರೆ ನನಗೆ ಹೇಳಿ. ಮನೆಯಲ್ಲಿ ಟವೆಲ್ ಹಿಂಡಬೇಕು, ಚೆಂಡು ಅಮುಕಬೇಕು, ಸುತ್ತಿಗೆ ಹಿಡಿದು ಮುಷ್ಟಿಯನ್ನು ಆಚೆಗೂ ಈಚೆಗೂ ಹೊರಳಿಸಬೇಕು. ಎರಡು ದಿನ ಸೋಮಾರಿತನ ಮಾಡಿ, ಮಾಡಿದೆನೆಂದು ಸುಳ್ಳು ಹೇಳಿದೆ. ಅಳತೆಗೋಲು ಇಟ್ಟು ನಕ್ಕಳು: "ನೀವು ಹೂಂ ಅಂತೀರಿ, ಕೈ ಇಲ್ಲ ಅಂತೈತಿ. ನಾ ಯಾರನ್ನ ನಂಬ್ಲಿ?"

ಪಕ್ಕದ ಹಾಸಿಗೆಗೆ ಯಲ್ಲಾಪುರದ ಲಾರಿ ಡ್ರೈವರನೊಬ್ಬ ಬೆನ್ನು ಹಿಡಿಸಿಕೊಂಡು ಬರುತ್ತಿದ್ದ. "ಅರಬೈಲ್ ಘಟ್ಟ ಇಳ್ಸೂದು ಸುಲಭ ಮಾರಾಯ್ರೆ, ಈ ಮಂಚ ಇಳಿಯೂದೇ ಕಷ್ಟ" ಎನ್ನುತ್ತಿದ್ದವನು ತಿಂಗಳೊಳಗೆ ಬಗ್ಗಿ ಚಪ್ಪಲಿ ಹಾಕಿಕೊಂಡ. ಪಾರ್ಶ್ವವಾಯುವಾಗಿದ್ದ ಸಿದ್ದಾಪುರದ ಅಂಗಡಿಕಾರರೊಬ್ಬರು ಎರಡು ಸರಳುಗಳ ನಡುವೆ ಹೆಜ್ಜೆ ಕಲಿಯುತ್ತಿದ್ದರು. ಅವರು ಇಟ್ಟ ಮೊದಲ ಆರು ಹೆಜ್ಜೆಗೆ ನಾವೆಲ್ಲ ಕೆಲಸ ಬಿಟ್ಟು ಉಸಿರು ಹಿಡಿದಿದ್ದೆವು. ಆ ಹುಡುಗಿ ಯಾರಿಗೂ ಪವಾಡದ ಮಾತು ಕೊಡುತ್ತಿರಲಿಲ್ಲ. ಇವತ್ತು ಒಂದು ನೂಲಿನಷ್ಟು, ನಾಳೆ ಇನ್ನೊಂದು ನೂಲಿನಷ್ಟು ಎಂದು ದೇಹದ ಜೊತೆ ಚೌಕಾಸಿ ಮಾಡುವ ಆ ತಾಳ್ಮೆಯನ್ನು ನಾನು ದೇವರ ಮುಂದೆ ಕೂತವರಲ್ಲೂ ಕಂಡಿಲ್ಲ.

ಮೂರನೆಯ ವಾರ ಅವಳು ಹೇಳಿದಳು: "ಮೊಳಕೈ ಪಕ್ಕಕ್ಕ ಹಚ್ಚಿ ಇಟಗೋರಿ. ಈಗ ಅಂಗೈ ಮ್ಯಾಲೆ ಮಾಡ್ರಿ. ಗುಡ್ಯಾಗ ತೀರ್ಥ ತಗೋತೀರಲ್ಲ, ಹಂಗ."

ಅಂಗೈ ಅರ್ಧಕ್ಕೇ ನಿಂತುಬಿಟ್ಟಿತು. ಹೆಬ್ಬೆರಳು ಸೂರು ನೋಡುತ್ತಿತ್ತು, ಅಂಗೈ ಗೋಡೆ ನೋಡುತ್ತಿತ್ತು.

"ಭಟ್ರು ಈಗ ತೀರ್ಥ ಹಾಕಿದ್ರ ಎಲ್ಲಾ ನೆಲಕ್ಕ" ಎಂದಳು. ಡ್ರೈವರ್ ನಕ್ಕ, ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ಹಾಗೆ ಅರ್ಧಕ್ಕೆ ನಿಂತ ಇನ್ನೊಂದು ಅಂಗೈಯನ್ನು ನಾನು ಕಂಡಿದ್ದೆ.

ಅದು ಅತ್ತಿಗೆಯದು. ಅಣ್ಣ ತೀರಿಕೊಂಡ ಮೇಲೆ ಹೆಗಡೆಕಟ್ಟಾ ಊರಿನ ನಮ್ಮ ಮನೆಯ ಯಜಮಾನಿಕೆ ನನಗೆ ಬಂದಿತ್ತು. ತೊಂಬತ್ತರ ದಶಕದ ಒಂದು ವರ್ಷ ಅತ್ತಿಗೆ ಬಚ್ಚಲಿನಲ್ಲಿ ಜಾರಿ ಬಿದ್ದು ಇದೇ ಬಲ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, ಒಂದು ತಿಂಗಳು ವಾರಕ್ಕೆ ಮೂರು ಸಲ ಶಿರಸಿಗೆ ಕರೆತಂದು ಕೈಗೆ ವ್ಯಾಯಾಮ ಮಾಡಿಸಿ ಎಂದಿದ್ದರು. ಆದರೆ ಆಗ ಅಡಿಕೆ ಸುಲಿಯುವ ಕಾಲ. ಮೆಟ್ಟುಗತ್ತಿಯ ಮುಂದೆ ಕೂತು, ಅಲಗಿಗೆ ಹಸಿ ಅಡಿಕೆ ಒತ್ತಿ ಸಿಪ್ಪೆ ಬಿಡಿಸುವುದರಲ್ಲಿ ಅತ್ತಿಗೆಯ ಕೈಯಷ್ಟು ಚುರುಕಾದ ಕೈ ನಮ್ಮಲ್ಲಿ ಬೇರೆ ಇರಲಿಲ್ಲ.

"ದಿನಾ ಮೆಟ್ಟುಗತ್ತಿ ಮುಂದೆ ಕೂತ್ರೆ ಅದೇ ವ್ಯಾಯಾಮ ಆಗ್ತಲಾ ಅತ್ತಿಗೆ. ಪ್ಯಾಟೆಗೆ ಹೋಗಿ ಕೈ ಕುಣಿಸೂದು ಎಂತಕ್ಕೆ?" ಎಂದಿದ್ದೆ.

ದುಡಿಮೆಯೇ ವ್ಯಾಯಾಮವೆಂಬುದು ನಮ್ಮ ಕಡೆಯವರ ಹಳೆಯ ನಂಬಿಕೆ. ಸುಲಿಯುವ ಕೈ ಸಾವಿರ ಸಲ ಆಡಿದರೂ ಆಡುವುದು ಒಂದೇ ಆಟ. ಅಂಗೈ ಮೇಲೆ ಮಾಡುವ ಕೆಲಸ ಅದರಲ್ಲಿಲ್ಲ. ನಡೆಯದ ದಾರಿಯಲ್ಲಿ ಗಿಡ ಬೆಳೆದುಕೊಂಡಿತು. ಮರುವರ್ಷ ನೆರೆಮನೆಯ ಪೂಜೆಯಲ್ಲಿ ಭಟ್ಟರು ಹಾಕಿದ ತೀರ್ಥ ಅತ್ತಿಗೆಯ ಬಲಗೈಯಿಂದ ಚೆಲ್ಲಿಹೋಯಿತು. ಅವಳು ಎಡಗೈ ಚಾಚಿದಳು. ನಾನು ಸೇರಿದ್ದ ಜನರೆಲ್ಲರ ಎದುರಿಗೆ, "ಎಡಗೈಯಲ್ಲಿ ತೀರ್ಥ ತಗತ್ವಾ ಅತ್ತಿಗೆ? ಅಷ್ಟೂ ಗೊತ್ತಾಗ್ತಿಲ್ಯಾ?" ಎಂದು ಗದರಿದೆ. ಅವಳು ಕೈ ಎಳೆದುಕೊಂಡು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಎಲ್ಲೇ ಪೂಜೆಯಾದರೂ, ತೀರ್ಥ ಕೊಟ್ಟು ಮುಗಿಯುವವರೆಗೆ ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಪಾಪ, ಎಷ್ಟು ಕೆಲಸದವಳು ಎಂದು ನಾವೆಲ್ಲ ಹೊಗಳುತ್ತಿದ್ದೆವು.

ನನ್ನ ಕೈ ವಾಸಿಯಾದ ಮರುವಾರವೇ ಅತ್ತಿಗೆಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಆ ಹುಡುಗಿ ಕೈ ಹಿಡಿದು ಹೊರಳಿಸಿ, ಅಳತೆಗೋಲು ಇಟ್ಟು ನೋಡಿದಳು.

"ಬಾಳ ಹಳೇದಾಗೈತಿ ಅವ್ವಾ, ಪೂರ್ತಿ ಬರೂದಿಲ್ಲ. ಬಂದಷ್ಟು ತರೂಣು. ಆವಾಗ ಯಾಕ ಬರ್ಲಿಲ್ರಿ?"

ಅತ್ತಿಗೆ ನನ್ನ ಕಡೆ ತಿರುಗಲೂ ಇಲ್ಲ.

"ತಮ್ಮ ಬಾ ಹೇಳಿ ಕರದಿದ್ದ. ಆನೇ ಬತ್ನಿಲ್ಲೆ ಹೇಳಿ ಹಟ ಮಾಡಿದ್ದಿ" ಎಂದಳು. ತಮ್ಮನೆಂದರೆ ನಾನು; ಬರುವುದಿಲ್ಲವೆಂದವಳು ತಾನೇ ಅಂತೆ.

ಅದು ಸುಳ್ಳೆಂದು ಹೇಳಬೇಕಾದವನು ಒಬ್ಬನೇ ಇದ್ದ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಎರಡು ತಿಂಗಳು ಹೋದೆವು. ಒಂದು ದಿನ ಹುಡುಗಿ ಅತ್ತಿಗೆಯ ಅಂಗೈಗೆ ಒಂದು ಚಮಚ ನೀರು ಹಾಕಿದಳು. ಅರ್ಧ ಚೆಲ್ಲಿತು, ಅರ್ಧ ನಿಂತಿತು. "ತಮಾ, ನಿಂತ್ತು ನೋಡು!" ಎಂದು ಅತ್ತಿಗೆ ಕೂಗಿದಳು. ಅರವತ್ತು ದಾಟಿದ ಮುಖದಲ್ಲಿ ಅಂಥ ನಗೆಯನ್ನು ನಾನು ಮತ್ತೆ ಕಂಡಿಲ್ಲ.

ಆವತ್ತು ಬಸ್ಸಿನಲ್ಲಿ ಅಕ್ಕಪಕ್ಕ ಕೂತಿದ್ದೆವು. ತಪ್ಪಾಯಿತು ಅತ್ತಿಗೆ ಎಂಬ ಮಾತು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಕಂಡಕ್ಟರ್ ಬಂದ. ಬಾಯಿ ತೆರೆದು, "ಎರಡು ಹೆಗಡೆಕಟ್ಟಾ" ಎಂದೆ.

ಅವಳು ಹೋಗಿ ಎಷ್ಟೋ ವರ್ಷವಾಯಿತು. ಬದುಕಿರುವಾಗ ಅವಳನ್ನು ಹೆಸರು ಹಿಡಿದು ಕರೆಯುವುದು ನನಗೆ ಸಲ್ಲುತ್ತಿರಲಿಲ್ಲ. ಆದರೆ ತಪ್ಪೊಪ್ಪಿಕೊಳ್ಳುವಾಗ ಯಾರಿಗೆ ಎಂದು ಹೇಳದಿದ್ದರೆ ಅದೂ ಕ್ಯಾಲೆಂಡರ್ ನೋಡಿದಂತೆಯೇ. ಅವಳ ಹೆಸರು ಕಮಲಾಕ್ಷಿ.