ಸಿದ್ದಗಂಗಮ್ಮನವರ ಹಿಡಿ ಬೀಜ

ಕಳಸದಲ್ಲಿ ಸಿದ್ದಗಂಗಮ್ಮನವರ ಕಾಫಿಪುಡಿ ಅಂಗಡಿಗೆ ಬೋರ್ಡಿಲ್ಲ, ಪರಿಮಳವೇ ವಿಳಾಸ. ಹುರಿಯುವುದು ಅವರು, ಗಲ್ಲಾಪೆಟ್ಟಿಗೆಯ ಹಿಂದೆ ಗಂಭೀರವಾಗಿ ಕೂರುವುದು ಯಜಮಾನರು ಗಂಗಾಧರಪ್ಪ. ಹದ ತಿಳಿಯಲು ಸಿದ್ದಗಂಗಮ್ಮ ಒಂದು ಹಿಡಿ ಬೀಜ ತೆಗೆದು, ಬಲಮುಷ್ಟಿ ಬಿಗಿದು, ಕಿವಿಯ ಹತ್ತಿರ ಅಲುಗಿಸುತ್ತಾರೆ. ಹುರಿಯುವ ಮಷೀನಿಗೆ ಥರ್ಮಾಮೀಟರೂ ಇದೆ. ಅದಕ್ಕೆ ಆಯುಧಪೂಜೆಯ ಕುಂಕುಮ ಬಿಟ್ಟು ಬೇರೆ ಕೆಲಸವಿಲ್ಲ.

ಒಂದು ಬೆಳಿಗ್ಗೆ ಆರ್ಡರಿನ ಅವಸರದಲ್ಲಿ ಆ ಬಲಗೈಯೇ ಮಷೀನಿನ ಕಾದ ಡ್ರಮ್ಮಿಗೂ ಅದರ ಬಾಗಿಲಿಗೂ ನಡುವೆ ಸಿಕ್ಕಿಕೊಂಡಿತು. ಗಂಗಾಧರಪ್ಪ ಟೂತ್‌ಪೇಸ್ಟ್ ಹಿಡಿದು ಓಡಿ ಬಂದರು.

"ಅದು ಹಲ್ಲಿಗೆ ಕಣ್ರೀ," ಎಂದು ಸಿದ್ದಗಂಗಮ್ಮ ತಮ್ಮದೇ ಕಾಫಿಪುಡಿ ಮೆತ್ತಿಕೊಂಡರು. ಮಣಿಕಟ್ಟಿನಲ್ಲಿ ಬೊಬ್ಬೆಯೆದ್ದು ಜೀವ ಹೋಗುವಷ್ಟು ಉರಿ; ಹಿಂಗೈಯಲ್ಲಿ ಬೆಳ್ಳಗೆ ಬಿರುಸಾಗಿದ್ದ ಜಾಗದಲ್ಲಿ ಮಾತ್ರ ನೋವೇ ಇಲ್ಲ. "ಮಣಿಕಟ್ಟು ಡಾರ್ಕ್ ರೋಸ್ಟು. ಈ ಬಿಳೀದು ಲೈಟು, ಬಿಡಿ," ಎಂದು ತೀರ್ಪು ಕೊಟ್ಟರು.

ಮಣಿಕಟ್ಟಿನ ಉರಿ ತಡೆಯದೆ ಹೋದ ಮಂಗಳೂರಿನ ಆಸ್ಪತ್ರೆಯಲ್ಲಿ, ಕಳಸದ ಹತ್ತಿರದ ಜಾವಳಿ ಕಡೆಯವರೇ ಆದ ಡಾಕ್ಟರ್ ಕೃತಿಕಾ ಪುಡಿ ತೊಳೆಯುತ್ತಾ ಕೇಳಿದರು, "ಎಷ್ಟು ಚಿಕೋರಿ ಹಾಕಿದ್ದೀರಿ?"

"ಛೀ! ಅಚ್ಚ ಕಾಫಿ. ಮಣಿಕಟ್ಟು ನೋಡಿ, ಡಾರ್ಕ್ ರೋಸ್ಟು. ಬಿಳೀದು ಬರೀ ಲೈಟು."

"ಇಪ್ಪತ್ತು ನಿಮಿಷ ನಲ್ಲಿ ನೀರು ಬಿಟ್ಟು, ಬಳೆ ತೆಗೆದು, ಶುಭ್ರ ಬಟ್ಟೆ ಮುಚ್ಚಿ ಬಂದಿದ್ರೆ ಸಾಕಿತ್ತು. ರೋಸ್ಟಿನ ಲೆಕ್ಕಾನೂ ಉಲ್ಟಾ. ಉರಿಯೋ ಬೊಬ್ಬೆ ಸೆಕೆಂಡ್ ಡಿಗ್ರಿ, ತಾನಾಗೇ ಮಾಯುತ್ತೆ. ನೋವಿಲ್ಲದ್ದೇ ಥರ್ಡ್ ಡಿಗ್ರಿ. ಅಲ್ಲಿ ನರಾನೂ ಬೆಂದಿದೆ. ತೊಡೆಯ ಚರ್ಮ ತೆಗೆದು ಕಸಿ ಮಾಡ್ಬೇಕು."

ಸಿದ್ದಗಂಗಮ್ಮನವರಿಗೆ ಆಪರೇಷನ್ನಿನ ಹೆದರಿಕೆಯಿಲ್ಲ. "ನನ್ನ ಮುಷ್ಟಿ ಮುಚ್ಚುತ್ತಾ, ಅದು ಹೇಳಿ."

"ಕಸಿ ಹಿಡಿದ್ರೆ, ನೀವು ವ್ಯಾಯಾಮ ಮಾಡಿದ್ರೆ, ಮುಚ್ಚುತ್ತೆ."

"ಹಿಪ್ಪಲಿ ಗಿಡಕ್ಕೆ ಕಾಳುಮೆಣಸಿನ ಕಸಿ ಕಟ್ಟಿದ ಹಾಗೇ?"

"ಹಾಗೇ. ಆದ್ರೆ ಹಿಡೀತಾ ಅಂತ ದಿನಾ ಬಿಚ್ಚಿ ನೋಡಬಾರ್ದು."

ಗಂಗಾಧರಪ್ಪನವರ ಚಿಂತೆಯೇ ಬೇರೆ. "ತೊಡೆ ಚರ್ಮ ಕೈಗೆ ಬಂದ್ರೆ, ಇವಳ ಕೈ ಇನ್ಮೇಲೆ ಕೂತೇ ಇರುತ್ತೇನೋ!" ನರ್ಸುಗಳು ನಕ್ಕರು. ಸಿದ್ದಗಂಗಮ್ಮ ನಗಲಿಲ್ಲ, ಉತ್ತರವನ್ನು ಕೂಡಿಟ್ಟುಕೊಂಡರು.

ಕಸಿ ಹಿಡಿಯಿತು. ಊರಿಗೆ ಬಂದ ಮೇಲೆ ಬಿಗಿ ಕೈಗವಸು ತೊಟ್ಟು, ಸ್ಪಂಜಿನ ಚೆಂಡನ್ನು ಹಿಸುಕುತ್ತಾ, ಅದನ್ನು ಬೈಯುತ್ತಾ ತಿಂಗಳುಗಟ್ಟಲೆ ಕಳೆದರು. ಅಷ್ಟು ಕಾಲ ಹುರಿದದ್ದು ಗಂಗಾಧರಪ್ಪ. ಖಾಯಂ ಗಿರಾಕಿಗಳಾದ ಪಕ್ಕದ ಹೊರನಾಡಿನ ಹೋಟೆಲಿನವರು ಮರ್ಯಾದಸ್ಥರು. "ಈ ಸಲ ಪುಡಿ ಸ್ವಲ್ಪ ಸ್ಟ್ರಾಂಗು," ಎಂದಷ್ಟೇ ಹೇಳಿ ಅರ್ಧ ಆರ್ಡರು ಕಡಿಮೆ ಮಾಡಿದರು.

ಒಂದು ದಿನ ಚೆಂಡು ಪೂರ್ತಿ ಮುಷ್ಟಿಯೊಳಗೆ ಅಡಗಿತು. ಸಿದ್ದಗಂಗಮ್ಮ ಕೈಗವಸು ಕಳಚಿ ನೇರ ಮಷೀನಿನ ಹತ್ತಿರ ಹೋದರು. ಯಜಮಾನರು ಹುರಿದು ಆರಲು ಹಾಕಿದ್ದ ಬೀಜದಲ್ಲಿ ಒಂದು ಹಿಡಿ ತೆಗೆದರು. ಹೊಸ ಚರ್ಮ ಬಿಗಿಯಿತು, ಬೆರಳುಗಳು ಒಂದೊಂದಾಗಿ ಮಡಚಿಕೊಂಡವು, ಒಂದು ಬೀಜವೂ ಜಾರಲಿಲ್ಲ. ಮುಷ್ಟಿಯನ್ನು ಕಿವಿಗೆ ಹಿಡಿದು ಅಲುಗಿಸಿದರು.

ಮಷೀನಿನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಗಂಗಾಧರಪ್ಪ ಕೇಳಿದರು, "ಹೇಗಿದೆ?"

"ಕೈ ಚೆನ್ನಾಗಿದೆ," ಎಂದರು ಸಿದ್ದಗಂಗಮ್ಮ, ಮುಖ ಅರಳಿಸಿ. "ನಿಮ್ಮ ಬೀಜ ಮಾತ್ರ ಥರ್ಡ್ ಡಿಗ್ರಿ ಕಣ್ರೀ. ಇದಕ್ಕೆ ಕಸಿಯೂ ಹಿಡಿಯಲ್ಲ. ಏಳಿ, ಹೋಗಿ ಗಲ್ಲಾದಲ್ಲಿ ಕೂತ್ಕೊಳ್ಳಿ!"